ಮೂರನೇ ಗೆರಿ

ಚಂದತ್ತಿ ಟ್ರಂಕಿನೊಳಗ ಹದಿನೇಳು ಲಕೋಟಿ.
ಶಹಾಪುರದ ಅರ್ಧ ಓಣಿಯ ಮೈ
ರದ್ದಿ ಪೇಪರಿನ್ಯಾಗ ಮಡಚಿ ಇಟ್ಟಾಳ:
ಪೋಸ್ಟ್ ಮಾಸ್ತರ ಹೆಂಡತಿ, ಎದಿ ಮೂವತ್ತಾರು.
ನರ್ಸಬಾಯಿ, ಎಡಭುಜ ಪಾವ ಇಂಚು ಇಳಿಜಾರು.
ಬಳಿಗಾರ ರುಕ್ಕವ್ವ, "ಬಿಗಿ ಬ್ಯಾಡ ಅಂತಾಳ, ಬಿಗೀನ ಹೊಲಿ."
ಎಲ್ಲಕ್ಕಿಂತ ತಳದಾಗ, ಹೆಸರಿಲ್ಲದ್ದು ಒಂದು.

ಅದನ್ನ ಆರಿಸಿಕೊಂಡದ್ದು ತೋಳಿನ ಸಲುವಾಗಿ.
ಪುಗ್ಗಾ ತೋಳು.
ಐವತ್ತು ವರ್ಷ ಮಡಿಕಿಯೊಳಗ ಉಸಿರು ಹಿಡದು ಕುಂತದ್ದು
ಈಗ ಮತ್ತ ಖಡೇಬಜಾರದ ಗೊಂಬಿ ಮೈಮ್ಯಾಲೆ ಬಂದೈತಿ.
ಗುಳೇದಗುಡ್ಡದ ಖಣ ತಂದೆ, ನೇರಳಿ ಬಣ್ಣದ್ದು.
ಮ್ಯಾಲಿನ ಜಂಪರ ಅಕಿದು, ಕೆಳಗಿನ ಘೇರು ನಂದು,
ನಡುವ ಒಂದ ಹೊಲಿಗಿ ಹಾಕಿದ್ರ ಫ್ರಾಕು.

ಹೊರಗ ಜಿಟಿಜಿಟಿ ಮಳಿ.
ಬಾಜೂ ಮನಿ ಪವರಲೂಮು ಕರೆಂಟು ಹೋದಾಗ
ನಡುಮಾತಿನ್ಯಾಗ ಬಾಯಿ ಮುಚ್ಚತೈತಿ.
ಹಂತಾ ಹೊತ್ತಿನ್ಯಾಗ ಪೇಪರು ಹಾಸಿದೆ.
ಬೆನ್ನ ಮ್ಯಾಲೆ ಶೇಂಗಾದ ಧಾರಣಿ,
ಎದಿ ಮ್ಯಾಲೆ ಸೈಕಲ್ ಜಾಹೀರಾತು,
ಕಂಕಳ ಕತ್ತರಿಸಿದಲ್ಲೆ ಯಾವನೋ ಮಂತ್ರಿ
ಅರ್ಧ ಮಾರಿಲೇ ಉದ್ಘಾಟನಾ ಮಾಡಾಕತ್ತಾನ.
ತಾರೀಖು ಕತ್ರಿಗೆ ಹೋಗೇತಿ.
ಟಾಚಣಿ ಚುಚ್ಚೂಮುಂದ ನೋಡಿದೆ,
ಬಗಲ ಹೊಲಿಗಿಗೆ ಗೆರಿ ಮೂರು.

ಮೊದಲಿನದು ಸಣ್ಣದು, ಚೂಪು ಪೆನ್ಸಿಲ್ಲಿಂದು.
ಎರಡನೇದು ಅರ್ಧ ಇಂಚು ಹೊರಗ,
ಬಾಜೂಕ "ಕಾರಹುಣ್ಣಿಮಿ."
ಮೂರನೇದು ಮತ್ತೊಂದ ಇಂಚು ಹೊರಗ, "ಪಂಚಮಿ."
ಕೆಳಗ, "ಹುಕ್ಕು ಬ್ಯಾಡ, ಗುಂಡಿ ಹಚ್ಚು."
ಆಮ್ಯಾಲೆ ಹೊಸಾ ಗೆರಿ ಇಲ್ಲ.
ಮೊದಲಿನ ಗೆರಿ ಮ್ಯಾಲೇ ತಿರುಗಿ ಎಳದಾಳ,
ಪೇಪರು ಹರಿಯೂ ಹಂಗ.
ಹರದಲ್ಲೆ ಅಂಬಲಿ ಹಚ್ಚಿ ಒಂದ ಚೀಟಿ ಮೆತ್ತಾಳ.
ಅದರ ಬಾಜೂಕ ಯಾವ ಹಬ್ಬಾನೂ ಬರದಿಲ್ಲ.

ಗಿರಾಕಿ ಹೆಸರು ಮರಿಯೂವಾಕಿ ಅಲ್ಲ ಚಂದತ್ತಿ.
ತನ್ನ ಅಳತಿ ಮ್ಯಾಲೆ ತನ್ನ ಹೆಸರು
ಯಾರ ಬರಕೊಂತಾರ?

ಅಕಿ ರಬಕವಿಯಿಂದ ತಿರುಗಿ ಬಂದ ಕತಿ
ನಮ್ಮ ಮನ್ಯಾಗ ಭಾಳ ಸಣ್ಣದು.
"ಸಿಟ್ಟಿನಾಕಿ. ಗಂಡನ್ನ ಬಿಟ್ಟು ಮಷೀನು ಎತಗೊಂಡು ಬಂದ್ಲು."
ಬಸ್ಸಿನ್ಯಾಗ ಕೈಮಷೀನು ತೊಡಿಮ್ಯಾಲೆ ಇಟಗೊಂಡು,
ಸೆರಗು ಹೊಚ್ಚಿ, ಎರಡೂ ಕೈಲೆ ಅವಚಿ ಹಿಡದು ಕುಂತಿದ್ಲಂತ.
ಕಂಡಕ್ಟರ ಅದಕ್ಕೂ ಅರ್ಧ ಟಿಕೀಟು ಹರದನಂತ.
ಅಪ್ಪ ಹೇಳೂಮುಂದ ನಗತಿದ್ದ, ನಾವೂ ನಗತಿದ್ವಿ,
ಮತ್ತೊಮ್ಮೆ ಹೇಳು ಅಂತಿದ್ವಿ.

ಅರ್ಧ ಟಿಕೀಟು.

ಟೇಪು ನನ್ನ ಸೊಂಟಕ್ಕ ಸುತ್ತಿದೆ.
ಮೂರನೇ ಗೆರಿಗೆ ಸರಿ ಬಂತು.
ನಂದು ಬ್ಯಾಂಕಿನ ಕುರ್ಚಿ ಬೆಳಿಸಿದ ಸೊಂಟ, ಮತ್ತೇನಿಲ್ಲ.
ಚಾಕು ಹಿಡದ ಕೈ ಹಂಗ ನಿಂತಿತು ಸ್ವಲ್ಪ ಹೊತ್ತು.
ಇನ್ನೊಬ್ಬರ ತಿಂಗಳೊಳಗ ನಾನು ಹ್ಯಾಂಗ ಹೊಕ್ಕೊಳ್ಳಿ?
ಹಂಗಂತ ಖಣ ಸುಮ್ನ ಮಡಚಿಡೂ ಹಂಗೂ ಇಲ್ಲ,
ಮೂರು ಮೀಟರು, ರೊಕ್ಕ ಕೊಟ್ಟದ್ದು.
ಪಂಚಮಿ ಗೆರಿ ಹಿಡದು ಕತ್ರಿ ಬಿಟ್ಟೆ.
ಖಣಕ್ಕ ಕತ್ರಿ ಬಿದ್ರ ಒಂದ ಸಪ್ಪಳ ಬರತೈತಿ, ಸಣ್ಣಗ,
ಯಾರೋ ಗಂಟಲು ಸರಿ ಮಾಡಿಕೊಂಡಂಗ.

ನಾಕ ದಿನ ಹೊಲದೆ.
ಅಕಿ ಮಷೀನಿಗೆ ಎಣ್ಣಿ ಬಿಟ್ರ ಕರೀ ನೀರು ಉಗಳಿತು,
ಆಮ್ಯಾಲೆ ಓಡಿತು.
ಎಡತೋಳ ತಿರುವಿ ಹಚ್ಚಿದೆ, ಬಿಚ್ಚಿದೆ,
ನನ್ನ ನಾನ ಬೈಕೊಂಡೆ, ಮತ್ತ ಹಚ್ಚಿದೆ.
ಗುಂಡಿ ಅಕಿ ಡಬ್ಬಿಯಾಗಿನವು, ಐದು,
ಅದರಾಗ ಒಂದು ಬ್ಯಾರೆ ಬಣ್ಣ.
ಬಗಲಾಗ ಒಂದೂವರಿ ಇಂಚು ಒಳಗ ಬಿಟ್ಟೀನಿ.
ಇಷ್ಟ್ಯಾಕ ಅಂತ ಕೇಳಿದ್ರ ಉತ್ತರಿಲ್ಲ.

ಭಾನುವಾರ ಹಾಕ್ಕೊಂಡು ಅಪ್ಪನ ಮುಂದ ನಿಂತೆ.
ಚಹಾದ ಬಸಿ ಬಾಯಿಗೆ ಹೋಗೂದು ನಡುವ ನಿಂತಿತು.
"ನೀ... ಯಾರಂಗ ಕಾಣತಿ ನೋಡು" ಅಂದ,
ಚಷ್ಮಾ ಎಲ್ಲಿ ಅಂತ ಕಿಡಕಿ ಮ್ಯಾಲೆ, ಪೇಪರ ಕೆಳಗ ಹುಡುಕಿದ.
ಚಷ್ಮಾ ಅವನ ಕಿಸೇದಾಗ ಇತ್ತು.
ನಾ ಹೇಳಲಿಲ್ಲ.