ಗಂಡೆದಿ

ಮೂರು ತಿಂಗಳಿಗೊಮ್ಮೆ ಮಿರಜಕ್ಕ ಹೋಗತೀನಿ.
ಹೊಟ್ಟಿ ತೊಗಲ ಚಿವುಟಿ ಹಿಡದು
ನರ್ಸಬಾಯಿ ಒಂದು ಸೂಜಿ ಚುಚ್ಚತಾಳ.
ನನ್ನೊಳಗಿನ ಗಂಡುರಸಕ್ಕ ಅದು ಬೀಗ.
ಉಚ್ಚಿಚೀಲದ ಬುಡಕ ಕುಂತ ಗಂಟು
ಆ ರಸಾ ಕುಡದಽ ಬೆಳೀತಿತ್ತಂತ.

ತೊಡಿ ಸಣ್ಣಾದವು. ಹೊಟ್ಟಿ ಮುಂದ ಬಂತು.
ನಡುರಾತ್ರ್ಯಾಗ ಕೌದಿ ಒದ್ದು ಎದ್ದು ಕುಂಡರತೀನಿ,
ಕಿವಿಯಿಂದ ಕಿವಿಗೆ ಬೆಂಕಿ, ಅಂಗಿ ತೊಯ್ದು ತೊಪ್ಪಡಿ.
ಸುಂದ್ರಾಬಾಯಿ ಸೆರಗಿಲೆ ಗಾಳಿ ಹಾಕತಾಳ:
"ನನಗ ಹಿಂಗ ಆದಾಗ ನೀವು ಏನಂದಿದ್ರಿ, ನೆನಪೈತೇನು?"
ಐತಿ. ಹತ್ತೊಂಬತ್ತು ವರ್ಷದ ಹಿಂದಿನ ಮಾತು.
ಸೊಕ್ಕು, ಅಂದಿದ್ದೆ.

ಒಂದು ಕಾಲಕ್ಕ ಜತ್ತದ ತಾಲೀಮಿನ್ಯಾಗ
ಕೆಂಪು ಮಣ್ಣಿಗೆ ಮಜ್ಜಿಗಿ, ಅರಿಷಿಣ, ಎಣ್ಣಿ ಕಲಸಿ ಹದಾ ಮಾಡಿ
ಅಂಗಾತ ಮಲಗಿದರ
ಈ ಎದಿ ಮ್ಯಾಲ ಮೂರು ಮಂದಿ ನಿಂದರತಿದ್ದರು.
ಗಂಡೆದಿ, ಅಂದ್ರು. ದರೆಪ್ಪ ಪೈಲವಾನಂದು ಎಂಟೆದಿ, ಅಂದ್ರು.
ಎಂಟರಾಗ ಏಳು ಎಲ್ಲಿ ಹೋದವೋ,
ಉಳದ ಒಂದಕ್ಕ ಈಗ ಹತ್ತು ತಂತಿ ಅಂಟಿಸಿ
ಕಾಗದದ ಮ್ಯಾಲ ಗೆರಿ ಎಳಸತಾರ.

ರಿಪೋರ್ಟು ಇಂಗ್ಲಿಷು. ಡಾಕ್ಟರಬಾಯಿ ಮರಾಠಿ.
ನನಗ ತಿಳಿಯೂದು ಕನ್ನಡದಾಗ:
ಗಂಟು ಕುಗ್ಗೈತಿ. ಸಕ್ಕರಿ ಏರೈತಿ. ಕೊಬ್ಬೂ ಏರೈತಿ.
ಎದಿ ಜ್ವಾಕಿ, ಕಾಕಾ. ದಿನಾ ನಡೀರಿ.
"ಹಂಗಾರ ಆ ರಸಾನಽ ಎದಿ ಕಾಯತಿತ್ತೇನ್ರಿ?"
ಕಮ್ಮಿ ಆದ್ರೂ ಕಾಟ, ಹೆಚ್ಚಾದ್ರೂ ಕಾಟ,
ಪೂರಾ ನಮಗೂ ತಿಳದಿಲ್ಲ, ಅಂದಳು.
ಇಷ್ಟು ವರ್ಷದಾಗ ಒಬ್ಬ ಡಾಕ್ಟರು
ತಿಳದಿಲ್ಲ ಅಂದದ್ದು ಇದಽ ಮೊದಲ.

ಹೆಚ್ಚಾದ್ರ, ಅಂದಾಗ ತಂಗಿ ಮಗ ಸಾಗರ ನೆನಪಾದ.
ಉಮದಿಯೊಳಗ ಹೊಸಾ ಜಿಮ್ಮು, ಗ್ವಾಡಿ ತುಂಬ ಕನ್ನಡಿ.
ಜ್ವಾಳದ ಡಬ್ಬಿ ಹಿಂದ ಎಣ್ಣಿಯಂಥ ಔಷಧದ ಸಣ್ಣ ಸೀಸೆ.
ನಾ ರೊಕ್ಕ ಕೊಟ್ಟು ತಗಿಸಿಕೊಳ್ಳೂದನ್ನ
ಅವ ರೊಕ್ಕ ಕೊಟ್ಟು ತುಂಬಿಸಿಕೊಳ್ಳತಾನ.
ಇಪ್ಪತ್ನಾಕು ವಯಸ್ಸು. ರಕ್ತ ಕಾಕಂಬಿ ಆಗೈತಿ
ಅಂದನಂತ ಲ್ಯಾಬಿನಾಂವ; ಇಂವ ನಕ್ಕನಂತ.

ನಿನ್ನೆ ಕರಿಸಿದೆ. ಬುದ್ಧಿಮಾತು ಬಾಯಿಗೆ ಬರಲಿಲ್ಲ,
ಅಂಗಿ ಎತ್ತಿ ಹೊಟ್ಟಿ ಮ್ಯಾಲಿನ ಸೂಜಿ ಗುರುತು ತೋರಿಸಿದೆ.
ಅವ ತನ್ನ ಭುಜದ ಮ್ಯಾಲಿಂದ ಕೈ ತಗೀಲಿಲ್ಲ.
ಸುಂದ್ರಾಬಾಯಿ ಎರಡು ಚಾ ತಂದ್ಲು, ಒಂದರಾಗ ಸಕ್ಕರಿ ಇಲ್ಲ.
"ಕುಡದು ಎದ್ದು ನಡೀರಿ ಇಬ್ಬರೂ," ಅಂದ್ಲು, "ಕೆರಿತನಕ."

ಅವ ಮುಂದ, ನಾ ಹಿಂದ.
ಬಾಬಳಿ ಗಿಡದ ಹಂತ್ಯಾಕ ನಿಂತೆ, ಉಸರು ತಗೊಂಡೆ.
ಹಾಳುಬಾವಿ ಹತ್ತರ ಮತ್ತ ನಿಂತೆ.
ಏರಿ ಹತ್ತೂ ಮುಂದ
ನಾ ನಿಂದರೂದಕ್ಕಿಂತ ಮೊದಲಽ ಅವ ನಿಂತಿದ್ದ,
ಎಡಗಡೆ ಎದಿ ಮ್ಯಾಲ ಕೈ ಇಟ್ಟು.

"ಏನಿಲ್ಲ ಮಾವ," ಅಂದ.
"ಏನಿಲ್ಲ."