ಕಣ್ಣು ಮಿಟುಕಿಸದವರು

ಮೂವತ್ತೊಂದು ವರ್ಷ ಗದಗಿನ ಸ್ಟೇಷನ್ ರೋಡಿನಲ್ಲಿ
ನೀಲಿ ಪರದೆಯ ಮುಂದೆ ಊರನ್ನು ಒಬ್ಬೊಬ್ಬರಾಗಿ ಕೂರಿಸಿದ್ದೇನೆ.
ಗದ್ದ ಎತ್ತರಿ. ಹೆಗಲು ಇಳಸರಿ.
ನಗಬ್ಯಾಡ್ರಿ, ರೇಷನ್ ಕಾರ್ಡಿಗೆ ನಗೂದು ನಡಿಯೂದಿಲ್ಲ.
ಒಂದು, ಎರಡು ಎಣಿಸುವ ತನಕ ಕಲ್ಲಿನಂತಿದ್ದು
ಮೂರಕ್ಕೆ ಕಣ್ಣು ಮಿಟುಕಿಸುತ್ತಿದ್ದರು,
ಎಲ್ಲರೂ, ತಪ್ಪದೆ.

ಈಗ ಪರದೆ ಮಡಚಿ ಅಟ್ಟಕ್ಕೇರಿಸಿ
ಗೋಡೆಗಳನ್ನು ತೆಗೆಯುತ್ತೇನೆ.
ಗೋಡೆ ಮಿಟುಕಿಸುವುದಿಲ್ಲ.
ನನ್ನ ಬಣ್ಣ ಕಪ್ಪು ಬಂದೈತಿ ಎಂದು ತಕರಾರು ತೆಗೆಯುವುದಿಲ್ಲ,
ಒಂದು ಕಾಪಿ ಹೆಚ್ಚಿಗಿ ಕೊಡ್ರಿ ಎನ್ನುವುದಿಲ್ಲ.

ಮುಂಜಾನೆ ಏಳರಿಂದ ಎಂಟೂವರೆ, ಅಷ್ಟೇ.
ಆಮೇಲೆ ಬಿಸಿಲು ನೆತ್ತಿಗೆ ಬಂದು
ಓಣಿಯನ್ನೇ ರೊಟ್ಟಿಯಂತೆ ಬಡಿದು ಚಪ್ಪಟೆ ಮಾಡುತ್ತದೆ.
ಏಳಕ್ಕೆ ಬೆಟಗೇರಿಯಲ್ಲಿ ಬೆಳಕು ಅಡ್ಡ ಬೀಳುತ್ತದೆ.
ಮಗ್ಗದ ಮನೆಯ ಕಿಟಕಿ ಸರಳುಗಳ ನೆರಳು
ಎದುರು ಗೋಡೆಯ ಮೇಲೆ ಹಾಸು ಹೂಡುತ್ತದೆ,
ಹಾಲಿನವನ ಸೈಕಲ್ಲಿನ ನೆರಳು ಬಂದು
ಹೊಕ್ಕು ಹಾಯಿಸಿ ಹೋಗುತ್ತದೆ.

ಬಾಗಿಲಿಲ್ಲದ ಚೌಕಟ್ಟು.
ಗಾರೆಯಲ್ಲಿ ಕೊರೆದ ಇಸವಿ, ೧೯೩,
ಕೊನೆಯ ಅಂಕಿಯನ್ನು ಗುಬ್ಬಿ ತಿಂದಿದೆ.
ಮುಚ್ಚಿದ ಪ್ರೆಸ್ಸಿನ ಬೋರ್ಡು, ಲ ಉದುರಿ
ಬರೀ 'ಗ್ನಪತ್ರಿಕೆ'.
ಚಕ್ಕಡಿಯ ಗುಂಬ ತಾಗಿ ತಾಗಿ ಸವೆದ ಮೂಲೆಗಲ್ಲು:
ಎಷ್ಟು ಚಕ್ಕಡಿ, ಎಷ್ಟು ಬೈಗುಳ!

ಹಳೆಯ ಜಿನ್ನಿನ ಹಿಂದೆ ಒಂದು ಬೀಡಿನ ಕಂಬ.
ತುಕ್ಕಿನಡಿ ಎದ್ದುನಿಂತ ಅಕ್ಷರಗಳನ್ನು
ಕುರುಡನಂತೆ ಬೆರಳಿನಿಂದ ಓದಿದೆ: ಓಲ್ಡ್‌ಹ್ಯಾಮ್.
ನಮ್ಮ ಹತ್ತಿ ಹೋದ ಕಡೆಯಿಂದ ಬಂದಾತ.
ಅಲ್ಲಿಯೂ ಯಾವನೋ ಸ್ಟುಡಿಯೋ ಮುಚ್ಚಿದವ
ಒಂದು ಕೈಯಲ್ಲಿ ಕೊಡೆ ಹಿಡಿದು
ಹಸಿ ಇಟ್ಟಂಗಿಯ ಓಣಿ ತೆಗೆಯುತ್ತಿರಬೇಕು,
ಯಾವಾಕೆಯೋ ಕದ ತೆರೆದು ಕೇಳುತ್ತಿರಬೇಕು.

ಇಲ್ಲಿ ಕೇಳಿದಾಕೆ ಹುಸೇನಬಿ ನದಾಫ.
'ಮುನ್ಸಿಪಾಲ್ಟಿಯಾಂವ ಏನು?'
ಅಲ್ರಿ.
'ಪೇಪರಿನಾಂವ?'
ಅಲ್ರಿ.
'ಹಂಗಾರ ಯಾಕ ತೆಗೀತಿ?
ಹೋದ ಸರ್ತಿ ಒಬ್ಬ ಫೋಟೋ ತೆಗದ ಎಂಟು ದಿನಕ್ಕ
ಮೂಲಿಮನಿ ಗ್ವಾಡಿಗೆ ಕೆಂಪು ಗೆರಿ ಬಿತ್ತು.
ತಿಂಗಳದಾಗ ಮನೀನ ಇಲ್ಲ.'

ಚೆಂದ ಐತ್ರಿ ಅದಕ್ಕ, ಅಂದೆ.
ಆಕೆ ಗೋಡೆಯನ್ನೊಮ್ಮೆ ನೋಡಿದಳು,
ನನ್ನನ್ನೊಮ್ಮೆ.
'ಸೋರತೈತಿ' ಅಂದಳು.
'ಚೆಂದ ಅನ್ನಾಂವ ಮಳಿಗಾಲದಾಗ ಬಾ. ಬಕೀಟ ಹಿಡಿ.'

ಅಳಿಸು ಎಂದಳು, ಅಳಿಸತೊಡಗಿದೆ.
ಕಿಟಕಿ ಹೋಯಿತು. ಹೊಸ್ತಿಲು ಹೋಯಿತು.
ಹೊಸ್ತಿಲ ಮೇಲಿನ ಬೆಕ್ಕು ಹೋಯಿತು.
ನಾಲ್ಕನೆಯದಕ್ಕೆ ಬಂದಾಗ ನನ್ನ ಮಣಿಕಟ್ಟು ಹಿಡಿದಳು.
ಅದು ಕೆಟ್ಟ ಚಿತ್ರ; ಕೆಳಗೆ ನನ್ನದೇ ತಲೆಯ ನೆರಳು,
ನಡುವೆ ಓರೆಯಾಗಿ ಒಂದು ಕರಿ ಬಿರುಕು.

'ಬಿರುಕಲ್ಲೋ ಅದು.
ನಮ್ಮ ಮಾವ ಹತ್ತಿ ಹಿಂಜಿ ಬಂದು
ಕಮಾನು ಆನಿಸಿ ಇಡತಿದ್ದ ಜಾಗ.
ಕೈಯೆಣ್ಣಿ, ಬೆವರು. ಸುಣ್ಣ ಹಚ್ಚಿದ್ರೂ ಮ್ಯಾಲ ಬರತೈತಿ.'
ದಿನಾ ಅದರ ಮುಂದೆ ಬಟ್ಟೆ ಒಣಹಾಕಿದಾಕೆ
ಗೋಡೆಗೆ ಬೆನ್ನು ಕೊಟ್ಟು ನಿಂತು
ಅಂಗೈಯಗಲದ ಪರದೆಯಲ್ಲಿ ಅದನ್ನು ನೋಡುತ್ತಿದ್ದಳು.

ಎಂಟು ಕಾಪಿ ಬೇಕೆಂದಳು.
ಲಕ್ಷ್ಮೇಶ್ವರದ ನಾದಿನಿಗೆ, ಮುಂಡರಗಿಯ ಮೈದುನನಿಗೆ,
ಮಾತು ಬಿಟ್ಟ ಇನ್ನೊಬ್ಬನಿಗೂ ಒಂದು.
ಕಿಸೆಯಾಗ ಹಿಡಿಯೂ ಹಂಗಿರಲಿ.
ಮನೆಗೆ ಬಂದು, ತುಕ್ಕು ಒರೆಸಿದ ಕತ್ತರಿಯಿಂದ
ಪಾಸ್‌ಪೋರ್ಟ್ ಅಳತೆಗೆ ಒಂದು ಗೋಡೆಯನ್ನು ಕತ್ತರಿಸಿದೆ,
ಎಂಟು ಸಲ, ನಾಲ್ಕೂ ಬದಿಗೆ ಬಿಳಿ ಅಂಚು ಬಿಟ್ಟು.

ಎಂಬತ್ತು ಹೇಳಿದೆ. ಅರವತ್ತು ಕೊಟ್ಟಳು.
ಉಳಿದ ಇಪ್ಪತ್ತಕ್ಕೆ ಮುಂದಿನ ಐತವಾರ ಬಾ ಎಂದಿದ್ದಾಳೆ,
ನಾಲ್ಕು ಐತವಾರಗಳಿಂದ.
ಹೋಗುತ್ತೇನೆ. ರೊಕ್ಕದ ಮಾತು ತೆಗೆಯುವುದಿಲ್ಲ.
ಓಣಿಯ ತುದಿಯಿಂದಲೇ ಮೊದಲು
ಗೋಡೆಗೆ ಬಣ್ಣ ಬಿದ್ದಿದೆಯೋ ಎಂದು ನೋಡುತ್ತೇನೆ.