ಪುರದಾಳಿನ ಹಿಂದೆ, ಎಣಿಕೆ

ಕಡವೆ ಸಲೀಸು, ಅನ್ನುತ್ತಿದ್ದ ಕೆರಿಯಣ್ಣ.
ಒಂಟಿ ಪ್ರಾಣಿ, ಎರಡೇ ಕಿವಿ;
ಗಾಳಿ ನೋಡಿ ಕೂತರೆ
ತಾನಾಗಿ ನೀರಿಗಿಳಿಯುತ್ತದೆ.

ಜಿಂಕೆ ಹಾಗಲ್ಲ.
ಇಪ್ಪತ್ತು ತಲೆ ಬಗ್ಗಿ ಮೇಯುವಾಗ
ಒಂದು ಎದ್ದೇ ಇರುತ್ತದೆ.
ಮೇಲೆ ನೆಲ್ಲಿಮರದಲ್ಲಿ ಮುಸ್ಯ ಬೇರೆ,
ಕಾಯಿ ಉದುರಿಸುತ್ತ, ಚಾಡಿ ಹೇಳುತ್ತ.

ಇವತ್ತು ಚಪ್ಪಲಿ ಕಳಚಿ, ಬೀಡಿ ಬಿಟ್ಟು
ಒಣಗಿದ ತೇಗದೆಲೆಯ ಮೇಲೆ
ಅರ್ಧ ಗಂಟೆಗೆ ಹತ್ತು ಮಾರು ನಡೆದೆವು.
ಅವನ ಕೋವಿ ಠಾಣೆಗೆ ಹೋಗಿ ಎಷ್ಟೋ ವರ್ಷ;
ಇಲಾಖೆಯ ಫಾರಮ್ಮು, ಪೆನ್ಸಿಲ್ಲು
ನನ್ನ ಹತ್ತಿರ.

ಹದಿನೇಳು, ಹದಿನೆಂಟು,
ಪೊದೆಯಾಚೆ ಇನ್ನೊಂದು ಕೊಂಬು…
ನನ್ನ ಮೊಣಕಾಲು ಲಟಕ್ಕೆಂದಿತು.

ಗೊರಸು ನೆಲಕ್ಕೆ ಬಡಿಯಿತು.
ಬಾಲಗಳೆದ್ದವು, ಬೆಳ್ಳಗೆ.
ಆಮೇಲೆ ಬರೀ ಲಂಟಾನ, ಅಲ್ಲಾಡುತ್ತ.

ಎಷ್ಟು ಬರೀಲಿ? ಅಂದೆ.
ಮಾತಿಲ್ಲ.
ಖಾಲಿ ಕೈಯ ತೋರುಬೆರಳು
ಇನ್ನೂ ಮಡಚಿಯೇ ಇತ್ತು.